ಬಾಗಿಲು ಹಾಕಿದರೆ ಯಾರಿಗೆ ನಷ್ಟ ಜಾಸ್ತಿ?

ಪ್ರಶ್ನೆ: ಆ್ಯಪಲ್, ಮೈಕ್ರೋಸಾಫ್ಟ್, ಎನ್ವಿಡಿಯಾದಂಥ ಒಂದೊಂದು ಕಂಪನಿಯ ಬೆಲೆಯೇ ಎಷ್ಟೋ ದೇಶಗಳ ಜಿಡಿಪಿಗಿಂತ ಜಾಸ್ತಿ ಎಂದು ಆಗಾಗ ಓದುತ್ತೇವೆ. ಹಾಗಾದರೆ ಸರ್ಕಾರಗಳಿಗಿಂತ ಈ ಕಂಪನಿಗಳೇ ದೊಡ್ಡವಾಗಿಬಿಟ್ಟವಾ? ಇದು ಈಸ್ಟ್ ಇಂಡಿಯಾ ಕಂಪನಿಯ ಕಥೆಯೇ ಮತ್ತೆ ಶುರುವಾದಂತೆ ಅಲ್ವಾ? ಒಂದು ಚಿಕ್ಕ ದೇಶ ಇವರ ಎದುರು ಏನು ತಾನೇ ಮಾಡೀತು?

ಉತ್ತರ: ಮೊದಲು ಆ ಜಿಡಿಪಿ ಹೋಲಿಕೆಯನ್ನು ಪಕ್ಕಕ್ಕಿಡೋಣ. ಕೇಳಲು ಜೋರಾಗಿದೆ, ಆದರೆ ಲೆಕ್ಕ ತಪ್ಪು. ಕಂಪನಿಯ ಬೆಲೆ ಎಂದರೆ ಅದರ ಎಲ್ಲ ಷೇರುಗಳ ಒಟ್ಟು ಬೆಲೆ. ಜಿಡಿಪಿ ಎಂದರೆ ಒಂದು ದೇಶದಲ್ಲಿ ಒಂದು ವರ್ಷದಲ್ಲಿ ತಯಾರಾದ ಸರಕು, ಸೇವೆಗಳ ಮೌಲ್ಯ. ಒಬ್ಬರ ಮನೆಯ ಬೆಲೆಯನ್ನು ಪಕ್ಕದ ಮನೆಯವರ ವರ್ಷದ ಸಂಬಳದ ಜೊತೆ ತೂಗಿದ ಹಾಗೆ ಇದು. ಆ್ಯಪಲ್‌ನ ಷೇರುಗಳ ಬೆಲೆ 2022ರ ಜನವರಿಯಲ್ಲೇ 3 ಲಕ್ಷ ಕೋಟಿ ಡಾಲರ್ ಮುಟ್ಟಿತ್ತು, ನಿಜ. ಆದರೆ 2024ರ ಹಣಕಾಸು ವರ್ಷದಲ್ಲಿ ಅದು ಮಾಡಿದ ಮಾರಾಟ ಸುಮಾರು 39,100 ಕೋಟಿ ಡಾಲರ್, ಲಾಭ 9,400 ಕೋಟಿ ಡಾಲರಿನ ಆಸುಪಾಸು. ಫ್ರಾನ್ಸಿನ ಸರ್ಕಾರಿ ವ್ಯವಸ್ಥೆ ಒಂದೇ ವರ್ಷಕ್ಕೆ 1.5 ಲಕ್ಷ ಕೋಟಿ ಯೂರೊಗಿಂತ ಜಾಸ್ತಿ ಖರ್ಚು ಮಾಡುತ್ತದೆ. ಹಣವನ್ನಷ್ಟೇ ನೋಡಿದರೆ ದೊಡ್ಡ ಸರ್ಕಾರಗಳು ಈಗಲೂ ದೊಡ್ಡವೇ.

ಈಸ್ಟ್ ಇಂಡಿಯಾ ಕಂಪನಿಯ ಹೋಲಿಕೆಯನ್ನು ಮಾತ್ರ ನಾನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ. ಆದರೆ ಜನ ಸಾಮಾನ್ಯವಾಗಿ ಹೇಳುವ ಅರ್ಥದಲ್ಲಿ ಅಲ್ಲ. ಆ ಕಂಪನಿಗೆ 1803ರ ಹೊತ್ತಿಗೆ ಸುಮಾರು 2.6 ಲಕ್ಷ ಸೈನಿಕರಿದ್ದರು. ಅದು ತೆರಿಗೆ ಎತ್ತುತ್ತಿತ್ತು, ಜನರಿಗೆ ಶಿಕ್ಷೆ ಕೊಡುತ್ತಿತ್ತು. ಇಂದಿನ ಯಾವ ಟೆಕ್ ಕಂಪನಿಗೂ ಸೈನ್ಯ ಇಲ್ಲ. ನನಗೆ ಕುತೂಹಲ ಇರುವುದು ಬೇರೆ ವಿಷಯದಲ್ಲಿ. ಆ ಕಂಪನಿ ಸನ್ನದಿನ ಮೇಲೆ ಬದುಕುತ್ತಿತ್ತು. 1793, 1813, 1833, 1853, ಹೀಗೆ 20 ವರ್ಷಕ್ಕೊಮ್ಮೆ ಬ್ರಿಟಿಷ್ ಸಂಸತ್ತಿನ ಮುಂದೆ ಬಂದು ಸನ್ನದು ನವೀಕರಿಸಿಕೊಳ್ಳಬೇಕಿತ್ತು. 1813ರಲ್ಲಿ ಭಾರತದ ವ್ಯಾಪಾರದ ಏಕಸ್ವಾಮ್ಯ ಹೋಯಿತು, 1833ರಲ್ಲಿ ಚೀನಾದ್ದೂ ಹೋಯಿತು. 1858ರಲ್ಲಿ ಆಡಳಿತವೇ ರಾಣಿಯ ಕೈಗೆ ಹೋಯಿತು. ಅಷ್ಟು ಬಲಿಷ್ಠ ಕಂಪನಿಗೂ ಲಗಾಮು ಹಿಡಿಯಲು ಒಂದು ದಿನಾಂಕ ಮೊದಲೇ ಗೊತ್ತಾಗಿರುತ್ತಿತ್ತು. ಇಂದಿನ ಸರ್ಚ್, ಮೊಬೈಲ್, ಕ್ಲೌಡ್ (ಬೇರೆಯವರ ಮಾಹಿತಿ, ತಂತ್ರಾಂಶಗಳನ್ನು ಇಂಟರ್ನೆಟ್ ಮೂಲಕ ತಮ್ಮ ಕಂಪ್ಯೂಟರುಗಳಲ್ಲಿ ಇಟ್ಟುಕೊಡುವ) ಕಂಪನಿಗಳಿಗೆ ಆ ಗೋಜೇ ಇಲ್ಲ. ಒಂದು ಸರ್ಕಾರ ಇವರ ಎದುರು ಕೂರಬೇಕಾದರೆ ಜಗಳವನ್ನು ತಾನೇ ಶುರು ಮಾಡಬೇಕು.

ಹಾಗೆ ಜಗಳ ಶುರುವಾದಾಗ ಯಾರು ಗೆಲ್ಲುತ್ತಾರೆ? ನಾನು ಪ್ರತಿ ಪ್ರಕರಣದಲ್ಲೂ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ. ಮಾತು ಮುರಿದು, ಕಂಪನಿ ಬಾಗಿಲು ಹಾಕಿಕೊಂಡು ಹೊರಟರೆ ಅಥವಾ ಸರ್ಕಾರವೇ ಅದನ್ನು ಹೊರಗೆ ಹಾಕಿದರೆ, ಮರುದಿನ ಬೆಳಿಗ್ಗೆ ಯಾರಿಗೆ ಜಾಸ್ತಿ ಪೆಟ್ಟು? ಷೇರು ಬೆಲೆಗಿಂತ ಈ ಪ್ರಶ್ನೆ ಹೆಚ್ಚು ಹೇಳುತ್ತದೆ.

ಆಸ್ಟ್ರೇಲಿಯಾವನ್ನೇ ನೋಡಿ. ಸುದ್ದಿ ಸಂಸ್ಥೆಗಳಿಗೆ ಗೂಗಲ್, ಫೇಸ್‌ಬುಕ್ ಹಣ ಕೊಡಬೇಕು ಎಂಬ ಕಾನೂನು ಅಲ್ಲಿ ಬರುತ್ತಿತ್ತು. 2021ರ ಫೆಬ್ರವರಿ 18ರ ಬೆಳಿಗ್ಗೆ ಜನ ಎದ್ದು ನೋಡಿದರೆ ಫೇಸ್‌ಬುಕ್‌ನಲ್ಲಿ ಸುದ್ದಿಯೇ ಇಲ್ಲ. ಸುದ್ದಿ ಸಂಸ್ಥೆಗಳ ಜೊತೆಗೆ ಹವಾಮಾನ ಇಲಾಖೆ, ಆರೋಗ್ಯ ಇಲಾಖೆಗಳು, ದಾನದ ಸಂಸ್ಥೆಗಳ ಪುಟಗಳೂ ಖಾಲಿ. ಕೋವಿಡ್ ಲಸಿಕೆ ಶುರುವಾಗಲು ಇನ್ನು ಕೆಲವೇ ದಿನ ಇತ್ತು. ಐದು ದಿನದಲ್ಲಿ ಸರ್ಕಾರ ತಿದ್ದುಪಡಿಗೆ ಒಪ್ಪಿತು, ಫೇಸ್‌ಬುಕ್ ಸುದ್ದಿ ವಾಪಸ್ ತಂದಿತು, ಕಾನೂನೂ ಪಾಸಾಯಿತು. ಇಬ್ಬರೂ ಗೆದ್ದೆವು ಎಂದರು. ಒಳಗೆ ಇಣುಕಿದರೆ, ಕಂಪನಿಗಳು ಸುದ್ದಿ ಸಂಸ್ಥೆಗಳ ಜೊತೆ ಖಾಸಗಿಯಾಗಿ ಒಪ್ಪಂದ ಮಾಡಿಕೊಂಡವು, ಸರ್ಕಾರ ಹೆಸರಿಸಿದ ಕಂಪನಿಗಷ್ಟೇ ಅನ್ವಯಿಸುವ ಆ ಕಾನೂನಿನಡಿ ಯಾವ ಕಂಪನಿಯನ್ನೂ ಹೆಸರಿಸಲಿಲ್ಲ. 2024ರ ಮಾರ್ಚ್‌ನಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಆ ಒಪ್ಪಂದಗಳನ್ನು ಮುಂದುವರಿಸುವುದಿಲ್ಲ ಎಂದುಬಿಟ್ಟಿತು.

ಕೆನಡಾದಲ್ಲಿ ಇದೇ ಆಟದ ಎರಡನೇ ಸುತ್ತು ನಡೆಯಿತು. 2023ರ ಜೂನ್‌ನಲ್ಲಿ ಅದೇ ಬಗೆಯ ಕಾನೂನು ಪಾಸಾಯಿತು. ಆಗಸ್ಟ್‌ನಿಂದ ಮೆಟಾ ಅಲ್ಲಿ ಸುದ್ದಿ ನಿಲ್ಲಿಸಿತು. ಅದೇ ತಿಂಗಳು ವಾಯವ್ಯ ಪ್ರಾಂತ್ಯದ ಕಾಡುಗಳು ಹೊತ್ತಿ ಉರಿದು, ಯೆಲ್ಲೋನೈಫ್ ಪಟ್ಟಣದ ಜನರೆಲ್ಲ ಊರು ಬಿಡಬೇಕಾಯಿತು. ಯಾವ ರಸ್ತೆ ಮುಚ್ಚಿದೆ, ಬೆಂಕಿ ಎಲ್ಲಿಗೆ ಬಂತು ಎಂಬ ಸ್ಥಳೀಯ ಸುದ್ದಿಯನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಳ್ಳಲು ಆಗುತ್ತಿರಲಿಲ್ಲ. ಪ್ರಧಾನಿ ಟ್ರುಡೊ ಬಹಿರಂಗವಾಗಿಯೇ ಬೈದರು. ಮೆಟಾ ಕದಲಲಿಲ್ಲ. ಗೂಗಲ್ ಮಾತ್ರ ವರ್ಷಕ್ಕೆ 10 ಕೋಟಿ ಕೆನಡಾ ಡಾಲರ್ ಕೊಡಲು ಒಪ್ಪಿತು. ಈ ವ್ಯತ್ಯಾಸ ಏಕೆ? ಸುದ್ದಿ ಇಲ್ಲದ ಸರ್ಚ್ ಅರ್ಧ ಸತ್ತ ಸರ್ಚ್. ಸುದ್ದಿ ಇಲ್ಲದ ಫೇಸ್‌ಬುಕ್‌ನಲ್ಲಿ ಜನ ಮದುವೆ ಫೋಟೊ ನೋಡಿಕೊಂಡು ಇದ್ದೇ ಇರುತ್ತಾರೆ. ಬಾಗಿಲು ಹಾಕುವುದು ಮೆಟಾಗೆ ಅಗ್ಗ, ಗೂಗಲ್‌ಗೆ ದುಬಾರಿ.

ಇವು ಜಗಳಗಳು. ಪತ್ರಿಕೆಗಳಲ್ಲಿ ಬಂದವು, ನಮಗೆ ಗೊತ್ತಾದವು. ನನ್ನ ಪ್ರಕಾರ ಈ ಕಂಪನಿಗಳ ನಿಜವಾದ ಬಲ ಇರುವುದು ಜಗಳವೇ ಆಗದ ಕಡೆ. ಅದನ್ನು ತೋರಿಸಲು 2020ರ ಕೋವಿಡ್ ಆ್ಯಪ್‌ಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬ್ರಿಟನ್ ಒಂದು ಆ್ಯಪ್ ಮಾಡಿಸಿತು. ಇಬ್ಬರು ಹತ್ತಿರ ನಿಂತರೆ ಅವರ ಫೋನ್‌ಗಳು ಬ್ಲೂಟೂತ್‌ನಲ್ಲಿ ಒಂದು ಗುಟ್ಟಿನ ಸಂಖ್ಯೆ ಬದಲಾಯಿಸಿಕೊಳ್ಳಬೇಕು. ನಾಳೆ ಒಬ್ಬರಿಗೆ ಸೋಂಕು ಬಂದರೆ ಇನ್ನೊಬ್ಬರಿಗೆ ಎಚ್ಚರಿಕೆ ಹೋಗಬೇಕು. ಮಾಹಿತಿ ಸರ್ಕಾರದ ಸರ್ವರ್‌ಗೆ ಬಂದರೆ ರೋಗ ಎಲ್ಲಿ ಹರಡುತ್ತಿದೆ ಎಂದು ತಜ್ಞರು ನೋಡಬಹುದು ಎಂಬ ಲೆಕ್ಕಾಚಾರ. ಆದರೆ ಐಫೋನಿನಲ್ಲಿ ಒಂದು ನಿಯಮ ಇದೆ. ಪರದೆ ಆರಿ ಫೋನ್ ಜೇಬಿಗೆ ಹೋದರೆ, ಸಾಮಾನ್ಯ ಆ್ಯಪ್‌ಗೆ ಬ್ಲೂಟೂತನ್ನು ಮನಸ್ಸಿಗೆ ಬಂದಂತೆ ಬಳಸಲು ಬಿಡುವುದಿಲ್ಲ. ಬ್ಯಾಟರಿ ಉಳಿಯಲಿ, ಯಾರೂ ಹಿಂಬಾಲಿಸದಿರಲಿ ಎಂದು ಮಾಡಿದ ನಿಯಮ. ಒಳ್ಳೆಯ ನಿಯಮವೇ. 2020ರ ಏಪ್ರಿಲ್ 10ರಂದು ಆ್ಯಪಲ್ ಮತ್ತು ಗೂಗಲ್ ಒಟ್ಟಾಗಿ ಒಂದು ಘೋಷಣೆ ಮಾಡಿದವು. ಕೋವಿಡ್ ಆ್ಯಪ್‌ಗಳಿಗೆ ನಾವು ವಿಶೇಷ ದಾರಿ ಕೊಡುತ್ತೇವೆ ಎಂದವು. ಆದರೆ ಯಾರು ಯಾರ ಹತ್ತಿರ ಇದ್ದರು ಎಂಬ ಲೆಕ್ಕ ಫೋನಿನಲ್ಲೇ ನಡೆಯಬೇಕು, ಸರ್ಕಾರದ ಸರ್ವರ್‌ನಲ್ಲಿ ಅಲ್ಲ.

ಫ್ರಾನ್ಸಿನ ಮಂತ್ರಿ ಆ ಬ್ಲೂಟೂತ್ ನಿಯಮ ಸಡಿಲಿಸಿ ಎಂದು ಆ್ಯಪಲ್‌ಗೆ ಬಹಿರಂಗವಾಗಿ ಕೇಳಿದರು. ಸಡಿಲಾಗಲಿಲ್ಲ. ಜರ್ಮನಿ ಏಪ್ರಿಲ್ ಮುಗಿಯುವ ಮೊದಲೇ ತನ್ನ ಯೋಜನೆ ಬಿಟ್ಟು ಕಂಪನಿಗಳ ದಾರಿಗೆ ಬಂತು. ಬ್ರಿಟನ್ ಹಟ ಹಿಡಿದು ಐಲ್ ಆಫ್ ವೈಟ್ ದ್ವೀಪದಲ್ಲಿ ತನ್ನ ಆ್ಯಪ್ ಪರೀಕ್ಷಿಸಿತು. ಜೂನ್ 18ರಂದು ಫಲಿತಾಂಶ ಹೊರಬಿತ್ತು. ಹತ್ತಿರದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಶೇ. 75 ಆ ಆ್ಯಪ್ ಕಣ್ಣಿಗೆ ಬಿದ್ದವು, ಐಫೋನ್‌ಗಳಲ್ಲಿ ಶೇ. 4. ಅಂದೇ ಆ ಆ್ಯಪ್ ಕೈಬಿಟ್ಟರು. ಆ್ಯಪಲ್-ಗೂಗಲ್ ದಾರಿಯ ಹೊಸ ಆ್ಯಪ್ ಬಂದದ್ದು ಸೆಪ್ಟೆಂಬರ್ 24ಕ್ಕೆ. 2021ರ ಏಪ್ರಿಲ್‌ನಲ್ಲಿ ಅದಕ್ಕೊಂದು ಬದಲಾವಣೆ ತರಲು ಹೋದರು. ಸೋಂಕು ಬಂದವರು ಯಾವ ಯಾವ ಜಾಗಕ್ಕೆ ಹೋಗಿದ್ದರು ಎಂಬ ಪಟ್ಟಿಯನ್ನು ಕಳಿಸಬಹುದು ಎಂಬ ಬದಲಾವಣೆ. ಅದು ನಮ್ಮ ಷರತ್ತಿಗೆ ವಿರುದ್ಧ ಎಂದು ಎರಡೂ ಕಂಪನಿಗಳು ತಡೆದವು. ಆ್ಯಪ್ ಹಳೆಯ ರೂಪದಲ್ಲೇ ಉಳಿಯಿತು.

ಇಲ್ಲಿ ನನಗೆ ಒಂದು ಮುಜುಗರ ಇದೆ, ಹೇಳಿಬಿಡುತ್ತೇನೆ. ಕಂಪನಿಗಳು ಆರಿಸಿದ ವಿಧಾನವೇ ಜನರ ಖಾಸಗಿತನಕ್ಕೆ ಒಳ್ಳೆಯದು ಎಂದು ಬಹಳ ಜನ ಭದ್ರತಾ ತಜ್ಞರು ಆಗ ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ, ಈಗಲೂ ಅಂದುಕೊಳ್ಳುತ್ತೇನೆ. ಆದರೂ ನೋಡಿ, ಸಾಂಕ್ರಾಮಿಕ ರೋಗದ ನಡುವೆ, ಸಂಸತ್ತು, ಆರೋಗ್ಯ ಇಲಾಖೆ ಎಲ್ಲ ಇರುವ ದೇಶದಲ್ಲಿ, ರೋಗಿಯ ಮಾಹಿತಿ ಎಲ್ಲಿರಬೇಕು ಎಂದು ಕೊನೆಗೆ ತೀರ್ಮಾನಿಸಿದವರು ಎರಡು ಕಂಪನಿಯ ಎಂಜಿನಿಯರುಗಳು. ಯಾರೂ ಬೆದರಿಸಲಿಲ್ಲ, ಯಾರೂ ಕೋರ್ಟಿಗೆ ಹೋಗಲಿಲ್ಲ. ಫೋನಿನ ಒಂದು ಸೆಟ್ಟಿಂಗ್ ಇತ್ತು, ಅಷ್ಟೆ. ಈ ಸಲ ತೀರ್ಮಾನ ಸರಿಯಾಗಿತ್ತು. ಮುಂದಿನ ಸಲ ಸರಿ ಇಲ್ಲದಿದ್ದರೆ ಜನ ಯಾರ ಕೊರಳಪಟ್ಟಿ ಹಿಡಿದು ಕೇಳಬೇಕು?

ಇಷ್ಟೆಲ್ಲ ಓದಿ ಸರ್ಕಾರಗಳ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಚೀನಾದ ಹಣ ಪಾವತಿ ಕಂಪನಿ ಆ್ಯಂಟ್ ಗ್ರೂಪ್ ಗತಿ ನೋಡಿ. ಅದನ್ನೂ ಆನ್‌ಲೈನ್ ಮಾರಾಟದ ಅಲಿಬಾಬಾವನ್ನೂ ಕಟ್ಟಿದ ಜಾಕ್ ಮಾ 2020ರ ಅಕ್ಟೋಬರ್ 24ರಂದು ಚೀನಾದ ಬ್ಯಾಂಕ್ ನಿಯಮಗಳನ್ನು ಟೀಕಿಸಿ ಒಂದು ಭಾಷಣ ಮಾಡಿದರು. ಆ್ಯಂಟ್‌ನ ಷೇರು ಮಾರುಕಟ್ಟೆ ಪ್ರವೇಶ ನವೆಂಬರ್ 5ಕ್ಕೆ ನಿಗದಿಯಾಗಿತ್ತು, 3,400 ಕೋಟಿ ಡಾಲರ್ ಮೀರಿದ ವ್ಯವಹಾರ. ಎರಡು ದಿನ ಮೊದಲು ಅದನ್ನು ನಿಲ್ಲಿಸಲಾಯಿತು. ಮಾ ತಿಂಗಳುಗಟ್ಟಲೆ ಎಲ್ಲೂ ಕಾಣಿಸಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಅಲಿಬಾಬಾಗೆ 1,820 ಕೋಟಿ ಯುವಾನ್ ದಂಡ ಬಿತ್ತು. ಮೇಲ್ಮನವಿಯ ಮಾತೇ ಬರಲಿಲ್ಲ. ಇದು ಆರೋಗ್ಯಕರ ಎಂದು ನಾನು ಹೇಳುತ್ತಿಲ್ಲ. ಪೊಲೀಸು, ಜೈಲು, ನೆಲ, ವಿದ್ಯುತ್ ಎಲ್ಲ ಕೈಯಲ್ಲಿರುವ ಸರ್ಕಾರ ನಿಜಕ್ಕೂ ಮನಸ್ಸು ಮಾಡಿದರೆ ಏನಾಗುತ್ತದೆ ಎಂದು ತೋರಿಸುತ್ತಿದ್ದೇನೆ. ಹೊರಗಿನ ಕಂಪನಿಗಳೂ ಅಲ್ಲಿ ತಗ್ಗಿಯೇ ನಡೆಯುತ್ತವೆ. 2018ರಲ್ಲಿ ಆ್ಯಪಲ್ ತನ್ನ ಚೀನೀ ಗ್ರಾಹಕರ ಐಕ್ಲೌಡ್ ಮಾಹಿತಿಯನ್ನು ಗುಯಿಝೌ ಪ್ರಾಂತ್ಯದ ಸರ್ಕಾರಿ ನಂಟಿನ ಕಂಪನಿಯೊಂದರ ಸುಪರ್ದಿಗೆ ಒಪ್ಪಿಸಿತು. ಬೇರೆ ಕಡೆ ಖಾಸಗಿತನದ ಬಗ್ಗೆ ಅಷ್ಟು ಗಟ್ಟಿ ದನಿಯಲ್ಲಿ ಮಾತಾಡುವ ಕಂಪನಿ ಅಲ್ಲಿ ತೆಪ್ಪಗಾಯಿತು. ಹೆಚ್ಚಿನ ಫೋನುಗಳು ತಯಾರಾಗುವುದೂ ಅಲ್ಲೇ, ದೊಡ್ಡ ಮಾರುಕಟ್ಟೆಯೂ ಅಲ್ಲೇ. ಬಾಗಿಲು ಹಾಕಿದರೆ ಪೆಟ್ಟು ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಪ್ರಜಾಪ್ರಭುತ್ವ ಇರುವ ಕಡೆಯೂ ಇದು ನಡೆದಿದೆ. ಬ್ರೆಜಿಲ್‌ನ ಸುಪ್ರೀಂ ಕೋರ್ಟ್ ಕೆಲವು ಖಾತೆಗಳನ್ನು ಮುಚ್ಚಿ ಎಂದಾಗ ಎಕ್ಸ್ (ಹಳೆಯ ಟ್ವಿಟರ್) ಒಪ್ಪದೆ ತನ್ನ ಕಚೇರಿಯನ್ನೇ ಮುಚ್ಚಿತು. 2024ರ ಆಗಸ್ಟ್ 30ರಂದು ನ್ಯಾಯಮೂರ್ತಿ ಅಲೆಕ್ಸಾಂದ್ರೆ ದೆ ಮೊರಾಯಸ್ ದೇಶಕ್ಕೆ ದೇಶವೇ ಎಕ್ಸ್ ಬಂದ್ ಮಾಡಿಸಿದರು. ಎಕ್ಸ್‌ನ ಒಡೆಯ ಎಲಾನ್ ಮಸ್ಕ್ ಅವರದೇ ಇನ್ನೊಂದು ಕಂಪನಿ, ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ನ ಬ್ಯಾಂಕ್ ಖಾತೆಗೂ ಕೈ ಹಾಕಿದರು. ಮಸ್ಕ್ ಕೆಲವು ವಾರ ಗುಡುಗಿದರು. ಆಮೇಲೆ 2.86 ಕೋಟಿ ರಿಯಲ್ ದಂಡ ಕಟ್ಟಿ, ವಕೀಲರನ್ನು ನೇಮಿಸಿ, ಅಕ್ಟೋಬರ್ 8ಕ್ಕೆ ವಾಪಸ್ ಬಂದರು. ಒಂದು ಕಂಪನಿಯ ತಪ್ಪಿಗೆ ಇನ್ನೊಂದು ಕಂಪನಿಯ ಖಾತೆ ಹಿಡಿದದ್ದು ಸರಿಯೇ ಎಂಬುದರ ಬಗ್ಗೆ ವಕೀಲರು ಇನ್ನೂ ಜಗಳಾಡುತ್ತಾರೆ. ನನಗೂ ಅದು ಪೂರ್ತಿ ಒಪ್ಪಿಗೆಯಲ್ಲ.

ಇನ್ನು ಯುರೋಪ್. ಅಲ್ಲಿನ ದಂಡಗಳು ಸುದ್ದಿಯಾಗುತ್ತವೆ. 2018ರಲ್ಲಿ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 434 ಕೋಟಿ ಯೂರೊ, 2023ರಲ್ಲಿ ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸಿದ್ದಕ್ಕೆ ಮೆಟಾಗೆ 120 ಕೋಟಿ ಯೂರೊ. ಇಷ್ಟು ದೊಡ್ಡ ಕಂಪನಿಗಳು ಇದನ್ನು ಖರ್ಚಿನ ಪಟ್ಟಿಯಲ್ಲಿ ಬರೆದುಕೊಂಡು ಮುಂದೆ ಹೋಗುತ್ತವೆ ಎಂಬುದು ನನ್ನ ಅನಿಸಿಕೆ. ನನಗೆ ದಂಡಕ್ಕಿಂತ ಜಾಸ್ತಿ ಇಷ್ಟವಾಗುವುದು ಫೋನಿನ ಕೆಳಗಿನ ಆ ಪುಟ್ಟ ತೂತು. ಎಲ್ಲ ಫೋನಿಗೂ ಒಂದೇ ಚಾರ್ಜರ್ ಇರಬೇಕು ಎಂದು ಯುರೋಪಿನ ಒಕ್ಕೂಟ ಕಾನೂನು ಮಾಡಿತು. ಆ್ಯಪಲ್ ವಿರೋಧಿಸಿತು. ಕೊನೆಗೆ 2023ರಲ್ಲಿ ಐಫೋನ್ 15 ಯುಎಸ್‌ಬಿ-ಸಿ ತೂತಿನೊಂದಿಗೆ ಬಂತು, ಅದೂ ಯುರೋಪಿಗೆ ಮಾತ್ರ ಅಲ್ಲ, ಜಗತ್ತಿಗೆಲ್ಲ. ಒಂದೊಂದು ಕಡೆಗೆ ಒಂದೊಂದು ಫೋನ್ ಮಾಡುವುದು ದುಬಾರಿ. ದೊಡ್ಡ ಮಾರುಕಟ್ಟೆಯ ನಿಯಮ ಹೀಗೆ ಸುಮ್ನೆ ಎಲ್ಲರ ಜೇಬಿಗೂ ಬಂದುಬಿಡುತ್ತದೆ.

ನಿಮ್ಮ ಕೊನೆಯ ಪ್ರಶ್ನೆ ಚಿಕ್ಕ ದೇಶಗಳದ್ದು. ಅಲ್ಲಿ ಚಿತ್ರ ಬೇರೆ. ಐರ್ಲೆಂಡ್ ಕಥೆ ನನಗೆ ಪ್ರತಿ ಸಲವೂ ವಿಚಿತ್ರ ಅನಿಸುತ್ತದೆ. ಆ್ಯಪಲ್‌ನಿಂದ 1,300 ಕೋಟಿ ಯೂರೊ ತೆರಿಗೆ ವಸೂಲಿ ಮಾಡಿ ಎಂದು ಯುರೋಪಿನ ಆಯೋಗ 2016ರಲ್ಲಿ ಐರ್ಲೆಂಡಿಗೆ ಹೇಳಿತು. 2014ರಲ್ಲಿ ಆ್ಯಪಲ್‌ನ ಅಲ್ಲಿನ ಒಂದು ಅಂಗಸಂಸ್ಥೆ ಕಟ್ಟಿದ ತೆರಿಗೆ ದರ ಶೇ. 0.005 ಎಂದು ಆಯೋಗದ ಲೆಕ್ಕ. ಬಿಟ್ಟಿ ಬಂದ ಹಣ, ತೆಗೆದುಕೊಳ್ಳಬೇಕು ತಾನೇ? ಐರ್ಲೆಂಡ್ ಆ ಹಣ ತನಗೆ ಬೇಡ ಎಂದು ಎಂಟು ವರ್ಷ ಕೋರ್ಟಿನಲ್ಲಿ ವಾದಿಸಿತು! 2024ರ ಸೆಪ್ಟೆಂಬರ್‌ನಲ್ಲಿ ಸೋತು, ಹಣ ತೆಗೆದುಕೊಳ್ಳಲೇಬೇಕಾಯಿತು. ಮೂರ್ಖತನವೇನಲ್ಲ. ಕಂಪನಿಗಳು ಬೇರೆ ದೇಶಕ್ಕೆ ಹೋದರೆ ಉದ್ಯೋಗವೂ ಹೋಗುತ್ತದೆ, ತೆರಿಗೆಯೂ ಹೋಗುತ್ತದೆ. ಬಾಗಿಲು ಹಾಕಿದರೆ ಯಾರಿಗೆ ಪೆಟ್ಟು ಎಂದು ಆ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು.

ಕೆಲವು ಸಲ ಕಂಪನಿ ಮಾತೇ ಆಡಬೇಕಾಗಿಲ್ಲ. ಅದರ ತವರಿನ ಸರ್ಕಾರವೇ ಹಿಂದೆ ನಿಂತಿರುತ್ತದೆ. ಕೆನಡಾ ದೊಡ್ಡ ಟೆಕ್ ಕಂಪನಿಗಳ ಮೇಲೆ ಶೇ. 3 ಡಿಜಿಟಲ್ ತೆರಿಗೆ ಹಾಕಿತ್ತು. ಮೊದಲ ಕಂತು 2025ರ ಜೂನ್ 30ಕ್ಕೆ ಬರಬೇಕಿತ್ತು. ಜೂನ್ 27ಕ್ಕೆ ಟ್ರಂಪ್ ವ್ಯಾಪಾರ ಮಾತುಕತೆಯನ್ನೇ ಮುರಿದರು. 29ರ ರಾತ್ರಿ ಕೆನಡಾ ತೆರಿಗೆ ಕೈಬಿಟ್ಟಿತು. ಇದನ್ನು ಕಂಪನಿ ಸರ್ಕಾರವನ್ನು ಮಣಿಸಿತು ಎನ್ನಬೇಕೇ, ಒಂದು ಸರ್ಕಾರ ಇನ್ನೊಂದನ್ನು ಮಣಿಸಿತು ಎನ್ನಬೇಕೇ? ನಾನು ಎರಡನೆಯದು ಎನ್ನುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಸರ್ಕಾರಗಳು ಒಂದು ಕಡೆ, ಕಂಪನಿಗಳು ಒಂದು ಕಡೆ ಇದ್ದವು. ನೆಲದ ಮೇಲೆ ಆ ಗೆರೆ ಅಷ್ಟು ನೇರವಾಗಿಲ್ಲ.

ತವರಿನಲ್ಲೂ ಇವರಿಗೆ ಪೂರ್ತಿ ಸಲುಗೆ ಇಲ್ಲ ಅನ್ನಿ. 2024ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ನ್ಯಾಯಾಧೀಶ ಅಮಿತ್ ಮೆಹ್ತಾ, ಗೂಗಲ್ ಸರ್ಚ್‌ನಲ್ಲಿ ಕಾನೂನುಬಾಹಿರವಾಗಿ ಏಕಸ್ವಾಮ್ಯ ಕಾಪಾಡಿಕೊಂಡಿದೆ ಎಂದು ತೀರ್ಪು ಕೊಟ್ಟರು. ಫೋನು, ಬ್ರೌಸರುಗಳಲ್ಲಿ ತಾನೇ ಮೊದಲ ಆಯ್ಕೆಯಾಗಿರಲು ಗೂಗಲ್ 2021ರ ಒಂದೇ ವರ್ಷ 2,630 ಕೋಟಿ ಡಾಲರ್ ಕೊಟ್ಟದ್ದು ಆ ವಿಚಾರಣೆಯಲ್ಲಿ ಹೊರಬಂತು. ಆದರೆ ಶಿಕ್ಷೆಯ ಹೊತ್ತಿಗೆ, 2025ರ ಸೆಪ್ಟೆಂಬರ್‌ನಲ್ಲಿ, ಕ್ರೋಮ್ ಮಾರಬೇಕು ಎಂಬ ಸರ್ಕಾರದ ಬೇಡಿಕೆಯನ್ನು ಅದೇ ನ್ಯಾಯಾಧೀಶರು ಒಪ್ಪಲಿಲ್ಲ. ತೈಲದಲ್ಲಿ ಏಕಸ್ವಾಮ್ಯ ಹಿಡಿದಿದ್ದ ಸ್ಟಾಂಡರ್ಡ್ ಆಯಿಲ್ ಕಂಪನಿಯನ್ನು 1911ರಲ್ಲಿ ತುಂಡು ಮಾಡಿದ ದೇಶ ಅದು.

ಯುದ್ಧದ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಉಕ್ರೇನ್ ಸೇನೆ ಸ್ಟಾರ್‌ಲಿಂಕ್ ಮೇಲೆ ನಿಂತಿದ್ದಾಗ, ಕ್ರಿಮಿಯಾ ಬಳಿ ಸೇವೆ ಆನ್ ಮಾಡಿ ಎಂಬ ಕೋರಿಕೆಗೆ ತಾನು ಒಪ್ಪಲಿಲ್ಲ ಎಂದು ಮಸ್ಕ್ 2023ರಲ್ಲಿ ತಾವೇ ಹೇಳಿದರು. ಯಾವ ಮತದಾರನೂ ಆರಿಸದ ಒಬ್ಬರ ಕೈಯಲ್ಲಿ ಅಂಥ ಸ್ವಿಚ್ ಇರುವುದು ಸರಿ ಎಂದು ವಾದಿಸುವವರನ್ನು ನಾನು ಇನ್ನೂ ಕಂಡಿಲ್ಲ.

ಹಾಗಾದರೆ ಚಿಕ್ಕ ದೇಶ ಏನು ಮಾಡಬೇಕು? ಡೆನ್ಮಾರ್ಕ್ 2017ರಲ್ಲಿ ಸಿಲಿಕಾನ್ ವ್ಯಾಲಿಗೆ ರಾಯಭಾರಿಯನ್ನೇ ನೇಮಿಸಿತು, ಬೇರೆ ದೇಶಕ್ಕೆ ಕಳಿಸುವ ಹಾಗೆ. ಕೆಲವರು ನಕ್ಕರು. ನನಗೆ ಅದು ಪ್ರಾಮಾಣಿಕವಾದ ನಡೆ ಅನಿಸಿತು. ಗುಂಪು ಕಟ್ಟುವುದು ಇನ್ನೊಂದು ದಾರಿ, ಯುರೋಪ್ ಮಾಡಿದ್ದು ಅದನ್ನೇ. ಆದರೆ ಬಾಗಿಲಿನ ಲೆಕ್ಕ ನಿಜವಾಗಿ ಬದಲಾಗಬೇಕಾದರೆ ಸರ್ಕಾರಕ್ಕೆ ತಾನೇ ಎದ್ದು ಹೊರಡುವ ತಾಕತ್ತು ಬೇಕು. ಅದು ಸುಲಭ ಅಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಬಿಟ್ಟು, ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ ಲಿನಕ್ಸ್‌ಗೆ ಹೋಗಲು ನಿರ್ಧರಿಸಿ, ವರ್ಷಗಟ್ಟಲೆ ಹೆಣಗಿ, 2017ರಲ್ಲಿ ವಾಪಸ್ ವಿಂಡೋಸ್‌ಗೇ ಬರಲು ತೀರ್ಮಾನಿಸಿತು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ 30,000 ಕಂಪ್ಯೂಟರುಗಳಲ್ಲಿ ಮೈಕ್ರೋಸಾಫ್ಟ್ ಬಿಟ್ಟು, ಕಚೇರಿ ಕೆಲಸದ ಮುಕ್ತ ತಂತ್ರಾಂಶ ಲಿಬ್ರೆಆಫೀಸ್ ಹಾಕುತ್ತೇವೆ ಎಂದು ಹೊರಟಿತು. ಕ್ಲೌಡ್ ಬದಲಾಯಿಸಲು ಯಾರೂ ಶುಲ್ಕ ಕೀಳುವಂತಿಲ್ಲ ಎಂಬ ಯುರೋಪಿನ ನಿಯಮ 2027ರ ಜನವರಿಯಿಂದ ಪೂರ್ತಿ ಜಾರಿಗೆ ಬರುತ್ತದೆ.

ಶುಲ್ಕ ಚಿಕ್ಕ ವಿಷಯ, ಅದು ನಾನು ಕಣ್ಣಾರೆ ಕಂಡದ್ದು. ಒಮ್ಮೆ ಒಂದು ಸರ್ಕಾರಿ ಇಲಾಖೆಯ ಕ್ಲೌಡ್ ಒಪ್ಪಂದ ಓದಿಕೊಡಲು ಕರೆದಿದ್ದರು. ನೂರಕ್ಕೂ ಜಾಸ್ತಿ ಪುಟ. ಒಳಗೆ ಬರುವುದು ಹೇಗೆ ಎಂಬುದಕ್ಕೆ ಪುಟಗಟ್ಟಲೆ ವಿವರ. ಹೊರಗೆ ಹೋಗುವುದು ಹೇಗೆ ಎಂಬುದಕ್ಕೆ ಅರ್ಧ ಪುಟ. ಆ ಅರ್ಧ ಪುಟದ ಪ್ರಕಾರ ಮಾಹಿತಿಯನ್ನು ವಾಪಸ್ ಕೊಡುತ್ತಾರೆ, ಸರಿ. ಆದರೆ ಇಲಾಖೆಯ ತಂತ್ರಾಂಶಗಳೆಲ್ಲ ಓಡುತ್ತಿದ್ದದ್ದು ಆ ಕಂಪನಿಯದೇ ಉಪಕರಣಗಳ ಮೇಲೆ. ಅಲ್ಲಿನ ಹುಡುಗರೆಲ್ಲ ಕಲಿತದ್ದೂ ಅವನ್ನೇ. ಮಾಹಿತಿ ವಾಪಸ್ ಬಂದರೂ ಅದನ್ನು ಸುರಿದುಕೊಳ್ಳಲು ಪಾತ್ರೆ ಇಲ್ಲ. ನಾನು ಇದನ್ನು ಹೇಳಿದಾಗ ಅಲ್ಲಿದ್ದ ಹಿರಿಯ ಅಧಿಕಾರಿ, "ನಾವು ಯಾಕ್ ಸಾರ್ ಬಿಟ್ ಹೋಗ್ತೀವಿ?" ಎಂದರು.

ವರ್ಷಕ್ಕೊಂದು ದಿನ ಒಂದು ಪುಟ್ಟ ಸೇವೆಯನ್ನಾದರೂ ಹೊರಗೆ ತೆಗೆದು, ಬೇರೆ ಕಡೆ ಓಡಿಸಿ ನೋಡಿ, ಬೆಂಕಿ ಬಿದ್ದಾಗ ಓಡುವ ಅಣಕು ಕಸರತ್ತು ಮಾಡುವ ಹಾಗೆ, ಎಂದು ಸಲಹೆ ಕೊಟ್ಟೆ. ಅವರು ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಸಹಿ ಬಿದ್ದ ಪ್ರತಿಯನ್ನು ನನಗೆ ತೋರಿಸಲಿಲ್ಲ.